ಬಯಾಪ್ಸಿ ಕೊಟ್ಟು ಬಂದ ಮೇಲೆ, ರಿಪೋರ್ಟ್ ಬರುವ ತನಕ

ಎದೆಯಲ್ಲೋ ಕುತ್ತಿಗೆಯಲ್ಲೋ ಒಂದು ಗಂಟು ಕೈಗೆ ಸಿಕ್ಕಿತು. ಸ್ಕ್ಯಾನಿಂಗ್ ಆಯಿತು, ಸೂಜಿ ಹಾಕಿ ತುಣುಕು ತೆಗೆದರು, ‘ಒಂದು ವಾರ ಆಗುತ್ತೆ, ರಿಪೋರ್ಟ್ ತಗೊಂಡು ಬನ್ನಿ’ ಅಂತ ಕಳಿಸಿದರು. ಆ ಒಂದು ವಾರ ಹೇಗೆ ಕಳೆಯಬೇಕು ಎಂದು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಡಾಕ್ಟರ ಬಾಗಿಲಲ್ಲಿ ಇನ್ನೂ ಐವತ್ತು ಜನ ಕಾಯುತ್ತಿರುತ್ತಾರೆ. ಮನೆಯವರು ‘ಏನೂ ಆಗಲ್ಲ, ಸುಮ್ನಿರು’ ಅನ್ನುತ್ತಾರೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುವ ಗಾದೆಯ ಇನ್ನೊಂದು ಮಗ್ಗುಲು ಆಗ ಗೊತ್ತಾಗುತ್ತದೆ. ಆ ವಾರ ಕಳೆಯಬೇಕಾದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಕಾಯುವ ದಿನಗಳಲ್ಲಿ ಭಯಕ್ಕೆ ಗೊಬ್ಬರ ಹಾಕುವ ಸಂಗತಿ ಎರಡಿವೆ. ತಡವಾಗುತ್ತಿರುವುದನ್ನೇ ಕೆಟ್ಟ ಸುದ್ದಿ ಎಂದು ಓದಿಕೊಳ್ಳುವುದು ಒಂದು. ಭಯ ಕಳೆದುಕೊಳ್ಳಲೆಂದು ನಾವೇ ಮಾಡುವ ಕೆಲಸಗಳು ಇನ್ನೊಂದು. ಮೊದಲನೆಯದು ಬಹುಮಟ್ಟಿಗೆ ಕಡಿಮೆಯಾಗಬೇಕಾದರೆ ಲ್ಯಾಬಿನೊಳಗೆ ಏನು ನಡೆಯುತ್ತದೆ ಎಂದು ತಿಳಿದುಕೊಳ್ಳಬೇಕು.

ಕೋರ್ ಬಯಾಪ್ಸಿಯಲ್ಲಿ, ಅಂದರೆ ದಪ್ಪ ಸೂಜಿಯಿಂದ ತುಣುಕು ತೆಗೆಯುವ ಪರೀಕ್ಷೆಯಲ್ಲಿ, ಬರುವ ತುಣುಕು ಒಂದೂವರೆ ಸೆಂಟಿಮೀಟರ್ ಉದ್ದದ ಶ್ಯಾವಿಗೆ ಎಳೆಯಂತಿರುತ್ತದೆ. ಅದನ್ನು ತಕ್ಷಣ ಫಾರ್ಮಲಿನ್ (ತುಣುಕು ಕೆಡದಂತೆ ಕಾಪಾಡುವ ದ್ರಾವಣ) ಇರುವ ಪುಟ್ಟ ಡಬ್ಬಿಗೆ ಹಾಕುತ್ತಾರೆ. ಫಾರ್ಮಲಿನ್ ಒಳಕ್ಕಿಳಿಯುವುದು ನಿಧಾನ. ಸ್ತನದ ತುಣುಕಾದರೆ ಕನಿಷ್ಠ 6 ಗಂಟೆ, ಹೆಚ್ಚೆಂದರೆ 72 ಗಂಟೆ ಅದರಲ್ಲಿ ನೆನೆಯಬೇಕು ಎಂಬ ನಿಯಮವೇ ಇದೆ. ಆತುರಪಟ್ಟು ಬೇಗ ತೆಗೆದರೆ ಒಳಭಾಗ ಸರಿಯಾಗಿ ಕಟ್ಟಿಕೊಳ್ಳದೆ ಮುಂದಿನ ಪರೀಕ್ಷೆಗಳ ಫಲಿತಾಂಶವೇ ಕೆಡುತ್ತದೆ. ಆಮೇಲೆ ಆ ಎಳೆ ಬೆರಳುದ್ದದ, ಸಣ್ಣ ಸಣ್ಣ ತೂತುಗಳಿರುವ ಪ್ಲಾಸ್ಟಿಕ್ ಕ್ಯಾಸೆಟ್ಟಿನೊಳಗೆ ಹೋಗುತ್ತದೆ. ಕ್ಯಾಸೆಟ್ಟಿನ ಅಂಚಿನಲ್ಲಿ ನಿಮ್ಮ ಲ್ಯಾಬ್ ನಂಬರ್ ಇರುತ್ತದೆ. ಹತ್ತಾರು ಕ್ಯಾಸೆಟ್‌ಗಳನ್ನು ಒಟ್ಟಿಗೆ ಮೆಷಿನ್ನಿಗೆ ಹಾಕಿ, ಸಾಮಾನ್ಯವಾಗಿ ರಾತ್ರಿಯಿಡೀ ಬಿಡುತ್ತಾರೆ: ಆಲ್ಕೋಹಾಲ್ ನೀರನ್ನು ತೆಗೆಯುತ್ತದೆ, ಝೈಲೀನ್ ಆಲ್ಕೋಹಾಲನ್ನು ತೆಗೆಯುತ್ತದೆ, ಆ ಜಾಗಕ್ಕೆ ಕರಗಿದ ಮೇಣ ಬಂದು ಕೂರುತ್ತದೆ. ಬೆಳಗ್ಗೆ ಅದನ್ನು ಮೇಣದ ಅಚ್ಚಿನಲ್ಲಿಟ್ಟು ತಣ್ಣಗಾಗಿಸುತ್ತಾರೆ. ಇದಕ್ಕೇ ಬ್ಲಾಕ್ ಅನ್ನುವುದು. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬ್ಲಾಕನ್ನು ಮೈಕ್ರೋಟೋಮ್ ಎಂಬ ಹೆರೆಯುವ ಯಂತ್ರದಲ್ಲಿ 3ರಿಂದ 5 ಮೈಕ್ರಾನ್ ತೆಳ್ಳಗೆ ಹೆರೆಯುತ್ತಾರೆ. ಒಂದು ಮಿಲಿಮೀಟರಿಗೆ ಸಾವಿರ ಮೈಕ್ರಾನ್. ಆ ಮೇಣದ ಪೊರೆಯನ್ನು ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು, ಸುಕ್ಕು ಬಿಟ್ಟ ಮೇಲೆ ಗಾಜಿನ ಸ್ಲೈಡಿನಿಂದ ಮೆಲ್ಲಗೆ ಎತ್ತಿಕೊಳ್ಳುತ್ತಾರೆ. ನಂತರ ಬಣ್ಣ: ಹೀಮಟಾಕ್ಸಿಲಿನ್ ಕೋಶಕೇಂದ್ರಗಳನ್ನು ನೀಲಿ ನೇರಳೆ ಮಾಡುತ್ತದೆ, ಇಯೋಸಿನ್ ಉಳಿದದ್ದನ್ನು ಗುಲಾಬಿ ಮಾಡುತ್ತದೆ. ಇಷ್ಟೆಲ್ಲ ಆದ ಮೇಲೆ ಸ್ಲೈಡ್ ಪೆಥಾಲಜಿಸ್ಟರ, ಅಂದರೆ ಕೋಶಗಳನ್ನು ನೋಡಿ ರೋಗ ಗುರುತಿಸುವ ಡಾಕ್ಟರ, ಮೈಕ್ರೋಸ್ಕೋಪಿನ ಕೆಳಗೆ ಬರುತ್ತದೆ. ಹಾಗಾಗಿ ಮೊದಲ ಒಂದೆರಡು ದಿನ ನಿಮ್ಮ ಪ್ರಶ್ನೆಗೆ ಉತ್ತರ ಈ ಭೂಮಿಯ ಮೇಲೆ ಯಾರಿಗೂ ಗೊತ್ತಿರುವುದಿಲ್ಲ. ಯಾರೂ ನಿಮ್ಮಿಂದ ಮುಚ್ಚಿಡುತ್ತಿಲ್ಲ.

ನಂತರವೂ ತಡವಾಗುವುದಕ್ಕೆ ಕಾರಣಗಳಿವೆ. ಶುಕ್ರವಾರ ಸಂಜೆ ಕೊಟ್ಟ ಸ್ಯಾಂಪಲ್ಲಿನ ಲೆಕ್ಕ ಅನೇಕ ಕಡೆ ಸೋಮವಾರದಿಂದ ಶುರುವಾಗುತ್ತದೆ. ಸಣ್ಣ ಊರಿನ ಲ್ಯಾಬ್ ಆದರೆ ಸ್ಯಾಂಪಲ್ ದೊಡ್ಡ ಊರಿಗೆ ಹೋಗಿ ಬರಬೇಕು. ಮೊದಲ ಸ್ಲೈಡ್ ಸ್ಪಷ್ಟವಾಗಿಲ್ಲದಿದ್ದರೆ ಅದೇ ಬ್ಲಾಕಿನಿಂದ ಇನ್ನಷ್ಟು ಆಳಕ್ಕೆ ಹೆರೆದು ನೋಡುತ್ತಾರೆ. ಕುತ್ತಿಗೆಯ ಗಂಟಿನಲ್ಲಿ ಟಿಬಿ ಅನುಮಾನ ಬಂದರೆ ಅದಕ್ಕೆ ಬೇರೆ ಬಣ್ಣ ಹಾಕಬೇಕು. ನಮ್ಮ ದೇಶದಲ್ಲಿ ಆ ಅನುಮಾನ ಅಪರೂಪವೇನಲ್ಲ. ಮೂಳೆಯ ತುಣುಕಾದರೆ ಹೆರೆಯುವ ಮೊದಲು ಆಮ್ಲದಲ್ಲಿಟ್ಟು ಅದರ ಸುಣ್ಣದ ಅಂಶ ತೆಗೆಯಬೇಕು, ಅದಕ್ಕೇ ಕೆಲವು ದಿನ ಹಿಡಿಯುತ್ತದೆ. ‘ಐಎಚ್‌ಸಿಗೆ ಕಳಿಸಿದ್ದೇವೆ’ ಎಂದರೆ ನಿರ್ದಿಷ್ಟ ಪ್ರೋಟೀನುಗಳನ್ನು ಹುಡುಕುವ ಬಣ್ಣಗಾರಿಕೆ, ಅದಕ್ಕೆ ಇನ್ನೂ ಕೆಲವು ಕೆಲಸದ ದಿನ ಬೇಕು. ಕ್ಯಾನ್ಸರ್ ಖಚಿತವಾದ ಮೇಲೆ ಅದರ ಬಗೆ ತಿಳಿಯಲು ಇದನ್ನು ಮಾಡುತ್ತಾರೆ, ನಿಜ. ಆದರೆ ಅದು ಕ್ಯಾನ್ಸರ್ ಹೌದೋ ಅಲ್ಲವೋ ಎಂದು ತೀರ್ಮಾನಿಸಲಿಕ್ಕೂ ಮಾಡುತ್ತಾರೆ. ಐಎಚ್‌ಸಿ ಎಂಬ ಮೂರಕ್ಷರ ಕೇಳಿದೊಡನೆ ಇದು ಅದೇ ಎಂದು ಮನಸ್ಸಿನಲ್ಲಿ ತೀರ್ಪು ಬರೆದುಕೊಳ್ಳಬೇಡಿ.

ಕೋರ್ ಬಯಾಪ್ಸಿಗೂ ಎಫ್‌ಎನ್‌ಎಸಿಗೂ ವ್ಯತ್ಯಾಸವಿದೆ. ತೆಳು ಸೂಜಿಯಿಂದ ಬರೀ ಕೋಶಗಳನ್ನು ಎಳೆದು ನೇರವಾಗಿ ಸ್ಲೈಡಿಗೆ ಬಳಿಯುವ ಎಫ್‌ಎನ್‌ಎಸಿಗೆ ಮೇಣದ ಕೆಲಸವಿಲ್ಲ, ಆದ್ದರಿಂದ ಒಂದೆರಡು ದಿನದಲ್ಲಿ ಬರುತ್ತದೆ. ಇನ್ನೊಬ್ಬರಿಗೆ ಎರಡೇ ದಿನದಲ್ಲಿ ಬಂತು, ನನಗೇಕೆ ಹತ್ತು ದಿನ ಎಂದು ಹೋಲಿಸಿಕೊಳ್ಳುವ ಮೊದಲು ಇಬ್ಬರದೂ ಒಂದೇ ಪರೀಕ್ಷೆಯೇ ಎಂದು ನೋಡಿ. ಟಿಬಿಗೆ ಜೀನ್‌ಎಕ್ಸ್‌ಪರ್ಟ್ ಯಂತ್ರ ಸುಮಾರು 2 ಗಂಟೆಯಲ್ಲಿ ಉತ್ತರ ಕೊಡುತ್ತದೆ. ಅದೇ ಸ್ಯಾಂಪಲ್ಲಿನ ಕಲ್ಚರ್ (ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ) ನೆಗೆಟಿವ್ ಎಂದು ಹೇಳಲು 6 ವಾರ ಕಾಯುತ್ತಾರೆ. ಏಕೆಂದರೆ ಆ ರೋಗಾಣು ಬೆಳೆಯುವುದೇ ಅಷ್ಟು ನಿಧಾನ.

ಇನ್ನು ಫೋನ್ ಮಾಡುವ ವಿಷಯ. ದಿನಕ್ಕೆ ಮೂರು ಸಲ ಲ್ಯಾಬಿಗೆ ಫೋನ್ ಮಾಡಿದರೆ ಪ್ರಯೋಜನವಿಲ್ಲ. ಆದರೆ ‘ಫೋನ್ ಬರಲಿಲ್ಲ ಅಂದರೆ ಎಲ್ಲ ಸರಿಯಿದೆ’ ಎಂದು ಸುಮ್ಮನೆ ಕೂರುವುದು ಅದಕ್ಕಿಂತ ಅಪಾಯ. ಮೊಬೈಲ್ ನಂಬರಿನಲ್ಲಿ ಒಂದು ಅಂಕಿ ತಪ್ಪಾಗಿ ರಿಪೋರ್ಟ್ ಕೌಂಟರಿನಲ್ಲೇ ಉಳಿದುಬಿಡುವುದುಂಟು, ತುಣುಕು ಸಾಲದೆ ಮತ್ತೆ ತೆಗೆಯಬೇಕು ಎಂಬ ಚೀಟಿ ಡಾಕ್ಟರ ಟೇಬಲ್ ಮುಟ್ಟದೆ ಇರುವುದೂ ಉಂಟು. ಸ್ಯಾಂಪಲ್ ಕೊಟ್ಟ ದಿನವೇ ರಸೀದಿಯ ಮೇಲಿನ ಲ್ಯಾಬ್ ನಂಬರಿನ ಫೋಟೋ ತೆಗೆದುಕೊಳ್ಳಿ. ಅಲ್ಲಿಯೇ ನಿಮ್ಮ ಹೆಸರು, ವಯಸ್ಸು, ಮೊಬೈಲ್ ಮತ್ತು ಎಡವೋ ಬಲವೋ ಸರಿಯಾಗಿ ಬರೆದಿದ್ದಾರೆಯೇ ಎಂದು ಓದಿ ನೋಡಿ. ಯಾವ ದಿನ ರಿಪೋರ್ಟ್ ಎಂದು ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆ ದಿನ ಕಳೆದು ಮತ್ತೊಂದು ಕೆಲಸದ ದಿನವೂ ಕಳೆದರೆ ಫೋನ್ ಮಾಡಿ, ಮೂರೇ ಪ್ರಶ್ನೆ ಕೇಳಿ: ಸ್ಯಾಂಪಲ್ ಈಗ ಯಾವ ಹಂತದಲ್ಲಿದೆ? ಹೆಚ್ಚಿನ ಪರೀಕ್ಷೆ ಏನಾದರೂ ಹೇಳಿದ್ದಾರೆಯೇ? ಮುಂದಿನ ದಿನಾಂಕ ಯಾವುದು? ಫೋನ್ ಎತ್ತಿದವರ ದನಿಯಲ್ಲಿ ಸುಳಿವು ಹುಡುಕಬೇಡಿ. ಕೌಂಟರಿನಲ್ಲಿ ಕೂತವರು ನಿಮ್ಮ ಸ್ಲೈಡ್ ನೋಡಿರುವುದಿಲ್ಲ.

ಕೈಯಲ್ಲಿರುವ ಕಾಗದಗಳೂ ಹೆದರಿಸುತ್ತವೆ. ಡಾಕ್ಟರ್ ಬರೆದ ಚೀಟಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ‘ಸಿಎ’ (ಕ್ಯಾನ್ಸರ್) ಎಂದೋ, ‘ರೂಲ್ ಔಟ್ ಮಲಿಗ್ನೆನ್ಸಿ’ (ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿ) ಎಂದೋ ಇರಬಹುದು. ಅದು ಲ್ಯಾಬಿಗೆ ಕೇಳಿದ ಪ್ರಶ್ನೆ. ಸ್ಕ್ಯಾನಿಂಗ್ ರಿಪೋರ್ಟಿನ ‘ಲೀಷನ್’ ಎಂದರೆ ಅಲ್ಲಿ ಬೇರೆ ಥರ ಕಾಣುವ ಜಾಗವೊಂದಿದೆ ಎಂದಷ್ಟೇ. ನೀರುಗುಳ್ಳೆಯೂ ಲೀಷನ್ನೇ. ‘ಅನ್‌ರಿಮಾರ್ಕಬಲ್’ ಎಂದರೆ ಹೇಳುವಂಥದ್ದೇನೂ ಇಲ್ಲ, ಅಂದರೆ ಸರಿಯಾಗಿದೆ. ‘ಕ್ಲಿನಿಕಲ್ ಕೋರಿಲೇಷನ್’ ಎಂಬುದು ರಿಪೋರ್ಟಿನ ಕೊನೆಯಲ್ಲಿ ಮಾಮೂಲಾಗಿ ಬರುವ ಮಾತು: ರೋಗಿಯನ್ನು ಪರೀಕ್ಷಿಸಿದ ಡಾಕ್ಟರ್ ಇದನ್ನು ಜೋಡಿಸಿ ನೋಡಲಿ ಎಂದರ್ಥ. ಮ್ಯಾಮೊಗ್ರಾಮಿನಲ್ಲಿ (ಸ್ತನದ ಎಕ್ಸ್‌ರೇ) ಬೈರಾಡ್ಸ್ 4 ಎಂದು, ಅಂದರೆ ಅನುಮಾನದ ಮಟ್ಟ ಹೇಳುವ ಅಂಕಿ 4 ಎಂದು, ಬಂದರೆ ಬಯಾಪ್ಸಿ ಬೇಕು ಎಂದರ್ಥ. ಆದರೆ ಆ 4ರ ಒಳಗೇ ಮೂರು ಮೆಟ್ಟಿಲಿವೆ: 4ಎ ಆದರೆ ಕ್ಯಾನ್ಸರ್ ಇರುವ ಸಾಧ್ಯತೆ ಶೇಕಡಾ 2ರಿಂದ 10, 4ಬಿ ಆದರೆ 10ರಿಂದ 50, 4ಸಿ ಆದರೆ 50ರಿಂದ 95. ಬರೀ 4 ಎಂದು ನೋಡಿ ಕುಸಿದು ಕೂರುವ ಮೊದಲು ಪಕ್ಕದ ಅಕ್ಷರ ಯಾವುದು ಎಂದು ಡಾಕ್ಟರನ್ನು ಕೇಳಿ. ಬೈರಾಡ್ಸ್ 0 ಎಂದರೆ ಚಿತ್ರ ಸಾಲದು, ಇನ್ನಷ್ಟು ತೆಗೆಯಬೇಕು ಎಂದು. ಥೈರಾಯ್ಡ್ ಎಫ್‌ಎನ್‌ಎಸಿಯ ರಿಪೋರ್ಟಿಗೆ ಕೊಡುವ ದರ್ಜೆ ಬೆಥೆಸ್ಡಾ 1 ಕೂಡ ಹಾಗೆಯೇ: ಹೇಳುವಷ್ಟು ಕೋಶ ಸಿಗಲಿಲ್ಲ, ಮತ್ತೆ ಸೂಜಿ ಹಾಕಬೇಕಾಗಬಹುದು. ಅದು ಬೇಸರದ ಸಂಗತಿ, ಕೆಟ್ಟ ಸುದ್ದಿ ಅಲ್ಲ.

ಬಯಾಪ್ಸಿ ಜೊತೆಗೆ ರಕ್ತಪರೀಕ್ಷೆಯೂ ಆಗಿರುತ್ತದೆ. ಅದರ ಪಿಡಿಎಫ್ ರಾತ್ರಿ ಹತ್ತೂವರೆಗೆ ವಾಟ್ಸ್‌ಆ್ಯಪ್‌ಗೆ ಬಂದು ಬೀಳುತ್ತದೆ, ದಪ್ಪ ಅಕ್ಷರದಲ್ಲಿ ‘ಎಚ್’ (ಹೆಚ್ಚು), ‘ಎಲ್’ (ಕಡಿಮೆ) ಗುರುತುಗಳ ಸಮೇತ. ಹೆಚ್ಚಿನ ಪರೀಕ್ಷೆಗಳಲ್ಲಿ ನಾರ್ಮಲ್ ರೇಂಜ್ ಎಂದು ಹಾಕುವುದು ಆರೋಗ್ಯವಂತರಲ್ಲಿ ಶೇಕಡಾ 95 ಜನ ಎಲ್ಲಿ ಬರುತ್ತಾರೋ ಆ ಅಳತೆಯನ್ನು. ಅಂದರೆ ಆರೋಗ್ಯವಾಗಿರುವ ನೂರು ಜನರಲ್ಲಿ ಐದು ಜನ ಪ್ರತಿ ಪರೀಕ್ಷೆಯಲ್ಲೂ ಆಚೆಗೆ ಬೀಳುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದರೆ ಒಂದಾದರೂ ಗುರುತು ಬೀಳುವ ಸಾಧ್ಯತೆ ಶೇಕಡಾ 64ರ ಹತ್ತಿರ. ಲ್ಯಾಬಿಗೆ ಹೋಗುವ ಮೊದಲೇ ಆಗುವ ಎಡವಟ್ಟುಗಳೂ ಇವೆ: ರಕ್ತ ಎಳೆಯುವಾಗ ಕೆಂಪು ಕಣ ಒಡೆದರೆ ಪೊಟ್ಯಾಸಿಯಂ ಹೆಚ್ಚಾಗಿ ಕಾಣುತ್ತದೆ, ಟ್ಯೂಬಿನಲ್ಲಿ ಪ್ಲೇಟ್‌ಲೆಟ್‌ಗಳು ಗುಂಪುಕಟ್ಟಿದರೆ ಯಂತ್ರ ಕಡಿಮೆ ಎಣಿಸುತ್ತದೆ, ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಥೈರಾಯ್ಡ್ ಅಂಕಿಗಳು ತಪ್ಪು ಬರಬಹುದು. ಬಯೋಟಿನ್ ವಿಷಯ ಡಾಕ್ಟರಿಗೆ ಮೊದಲೇ ಹೇಳಿಬಿಡಿ. ಹೆಲ್ತ್ ಚೆಕಪ್ ಪ್ಯಾಕೇಜುಗಳಲ್ಲಿ ಸೇರಿಸಿ ಕೊಡುವ ಟ್ಯೂಮರ್ ಮಾರ್ಕರ್‌ಗಳ (ಕ್ಯಾನ್ಸರ್ ಸುಳಿವಿಗೆಂದು ರಕ್ತದಲ್ಲಿ ಅಳೆಯುವ ಅಂಶಗಳ) ಬಗ್ಗೆ ನನಗೆ ತಕರಾರೇ ಇದೆ. ಸಿಎ-125 ಮುಟ್ಟಿನ ದಿನಗಳಲ್ಲಿ ಏರುತ್ತದೆ, ಸಿಇಎ ಬೀಡಿ ಸಿಗರೇಟು ಸೇದುವವರಲ್ಲಿ ಏರುತ್ತದೆ, ಪಿಎಸ್‌ಎ ಮೂತ್ರದ ಸೋಂಕಿದ್ದರೂ ಏರುತ್ತದೆ. ಯಾವ ಲಕ್ಷಣವೂ ಇಲ್ಲದವರಿಗೆ, ಡಾಕ್ಟರ್ ಕೇಳದೆ, ಇವನ್ನು ಮಾಡಿಸಿ ಎಷ್ಟೋ ಮನೆಗಳ ನಿದ್ದೆ ಕೆಡಿಸುತ್ತಿದ್ದಾರೆ.

ಆದ್ದರಿಂದ ಒಂದು ನಿಯಮ ಮೊದಲೇ ಮಾಡಿಕೊಳ್ಳಿ: ರಿಪೋರ್ಟ್ ಯಾರ ಫೋನಿಗೆ ಬರಬೇಕು, ಯಾರು ತೆರೆಯಬೇಕು, ಎಷ್ಟು ಹೊತ್ತಿಗೆ. ಸಂಜೆ ಆರರ ನಂತರ ಬಂದದ್ದನ್ನು ಬೆಳಗ್ಗೆ ತೆರೆಯುವುದು ಒಳ್ಳೆಯದು. ರಾತ್ರಿ ಹತ್ತೂವರೆಗೆ ತೆರೆದರೆ ಕೇಳಲು ಡಾಕ್ಟರ್ ಸಿಗುವುದಿಲ್ಲ, ಗೂಗಲ್ ಒಂದೇ ಸಿಗುತ್ತದೆ.

ಈಗ ಎರಡನೆಯ ವಿಷಯಕ್ಕೆ ಬರೋಣ. ಭಯವಾದಾಗ ನಾವು ಗಂಟು ಮುಟ್ಟಿ ನೋಡುತ್ತೇವೆ, ಹುಡುಕಿ ಓದುತ್ತೇವೆ, ಮನೆಯವರನ್ನು ‘ಏನೂ ಇರಲ್ಲ ಅಲ್ವಾ?’ ಎಂದು ಕೇಳುತ್ತೇವೆ. ಹತ್ತು ನಿಮಿಷ ಹಾಯೆನಿಸುತ್ತದೆ. ಆ ಹಾಯೇ ತೊಂದರೆಯ ಮೂಲ. ಮುಟ್ಟಿದ್ದರಿಂದ ಸಮಾಧಾನವಾಯಿತು ಎಂದು ಮನಸ್ಸು ಕಲಿತುಬಿಡುತ್ತದೆ, ಮುಂದಿನ ಸಲ ಇನ್ನೂ ಬೇಗ ಕೇಳುತ್ತದೆ. ಆರೋಗ್ಯದ ಆತಂಕದಲ್ಲಿ ಈ ಸುತ್ತನ್ನು ಬಿಡಿಸಿ ತೋರಿಸಿದವರಲ್ಲಿ ಬ್ರಿಟನ್ನಿನ ಮನೋವಿಜ್ಞಾನಿ ಪಾಲ್ ಸಾಲ್ಕೋವ್‌ಸ್ಕಿಸ್ ಮುಖ್ಯರು. ಇಂದಿನ ಚಿಕಿತ್ಸೆಯೂ ಈ ಸುತ್ತನ್ನು ಕಡಿಯುವುದರ ಮೇಲೆ ನಿಂತಿದೆ.

ಬಯಾಪ್ಸಿ ಆದ ಜಾಗವನ್ನು ಮುಟ್ಟಿ ನೋಡುವುದು ಇನ್ನೂ ಕೆಟ್ಟದ್ದು. ಸೂಜಿ ಹೋದ ಕಡೆ ಒಳಗೆ ರಕ್ತ ಹೆಪ್ಪುಗಟ್ಟಿ ಒಂದೆರಡು ವಾರ ಗಟ್ಟಿಯಾಗಿ, ನೋವಾಗಿ, ಹಸಿರು ನೀಲಿ ಬಣ್ಣದಲ್ಲಿರುತ್ತದೆ. ಈಗ ಕೈಗೆ ಸಿಗುವುದು ನಿಮ್ಮ ಹಳೆಯ ಗಂಟಿನ ಗಾತ್ರವಲ್ಲ, ಆದರೂ ‘ದೊಡ್ಡದಾಗಿದೆ’ ಅನ್ನಿಸಿಬಿಡುತ್ತದೆ. ದವಡೆಯ ಕೆಳಗೆ, ತೊಡೆಸಂದಿಯಲ್ಲಿ ಸಣ್ಣ ಜಾರುವ ಗಂಟುಗಳು ಆರೋಗ್ಯವಂತರಲ್ಲೂ ಸಿಗುತ್ತವೆ. ದಿನಕ್ಕೆ ಮೂವತ್ತು ಸಲ ಒತ್ತಿದರೆ ಅವು ನೋಯಲು ಶುರುವಾಗುತ್ತವೆ, ನೋವು ಮತ್ತೊಂದು ಸಾಕ್ಷಿಯಾಗುತ್ತದೆ.

ಬಿಡಿಸಿಕೊಳ್ಳುವ ಕ್ರಮ ಹೀಗೆ. ಮೊದಲ ದಿನ ಏನನ್ನೂ ನಿಲ್ಲಿಸಬೇಡಿ, ಎಣಿಸಿ. ಒಂದು ಚೀಟಿಯಲ್ಲಿ ಮುಟ್ಟಿದ್ದಕ್ಕೊಂದು, ಹುಡುಕಿದ್ದಕ್ಕೊಂದು, ಕೇಳಿದ್ದಕ್ಕೊಂದು ಗೀಟು ಹಾಕಿ. ಗೀಟು ನೋಡಿದರೆ ಹೆಚ್ಚಿನವರಿಗೆ ಆಶ್ಚರ್ಯವಾಗುತ್ತದೆ. ಎರಡನೆಯ ದಿನದಿಂದ ಆಸೆ ಬಂದ ಕೂಡಲೇ ಗಡಿಯಾರ ನೋಡಿ 20 ನಿಮಿಷ ಮುಂದೂಡಿ. ಆ ಹೊತ್ತಿನಲ್ಲಿ ಕೈಗೆ ಕೆಲಸ ಕೊಡಿ: ಹೂ ಕಟ್ಟುವುದು, ಅವರೆಕಾಯಿ ಸುಲಿಯುವುದು, ಬಟ್ಟೆ ಮಡಚುವುದು, ಬೈಕ್ ಒರೆಸುವುದು. ಬೆರಳಿಗೆ ಕೆಲಸವಿಲ್ಲದ ಟಿವಿ ನೋಡುವುದು ಇದಕ್ಕೆ ಅಷ್ಟು ಒದಗುವುದಿಲ್ಲ. ಆಸೆ ಏರುತ್ತದೆ, ನಿಲ್ಲುತ್ತದೆ, ಇಳಿಯುತ್ತದೆ. ಇಪ್ಪತ್ತು ನಿಮಿಷದ ನಂತರವೂ ಬೇಕೆನಿಸಿದರೆ ಮತ್ತೆ ಇಪ್ಪತ್ತು. ಇಲ್ಲಿ ಸಾಮಾನ್ಯವಾಗಿ ಎಡವುವುದು ಒಂದೇ ಏಟಿಗೆ ಎಲ್ಲ ಬಿಟ್ಟುಬಿಡುತ್ತೇನೆ ಎಂದು ಹೊರಟು, ಮಧ್ಯಾಹ್ನಕ್ಕೆ ಸೋತು, ಇಡೀ ಸಂಜೆ ಹುಡುಕುತ್ತಾ ಕೂರುವುದರಲ್ಲಿ. ಮೂವತ್ತು ಇದ್ದದ್ದು ಹತ್ತಕ್ಕೆ ಇಳಿದರೆ ಅದೇ ಗೆಲುವು.

ಚಿಂತಿಸಲಿಕ್ಕೆ ಒಂದು ಹೊತ್ತು ಗೊತ್ತುಮಾಡಿ. ಸಂಜೆ ಐದೂವರೆಯಿಂದ ಆರು, ಒಂದೇ ಕುರ್ಚಿ, ಒಂದು ನೋಟ್‌ಬುಕ್. ಮಲಗುವ ಕೋಣೆ ಬೇಡ, ಮಲಗುವ ಹೊತ್ತಿಗೆ ಹತ್ತಿರವೂ ಬೇಡ. ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ‘ನಾನು ಈಗ ಮಾಡಬಹುದಾದದ್ದು’, ಬಲಕ್ಕೆ ‘ರಿಪೋರ್ಟ್ ಬರುವ ತನಕ ಯಾರಿಂದಲೂ ಹೇಳಲಾಗದ್ದು’ ಎಂದು ಬರೆಯಿರಿ. ಇನ್ಶೂರೆನ್ಸ್ ಪೇಪರ್, ಎಬಿ-ಆರ್ಕೆ (ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ) ಕಾರ್ಡ್, ರಜೆ, ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು ಎಡಕ್ಕೆ. ಯಾವ ಸ್ಟೇಜ್ ಇರಬಹುದು ಎಂಬುದು ಬಲಕ್ಕೆ. ಹಗಲಲ್ಲಿ ಚಿಂತೆ ಬಂದರೆ ಒಂದು ಪದ ಗೀಚಿಟ್ಟು ಐದೂವರೆಗೆ ತಳ್ಳಿ. ಐದೂವರೆಗೆ ಕೂತಾಗ ಅರ್ಧಕ್ಕರ್ಧ ಆರಿಹೋಗಿರುತ್ತವೆ.

ಎದೆ ಡವಡವ, ಬೆರಳು ಜುಮ್ಮೆನ್ನುವುದು, ತುಟಿ ಮರಗಟ್ಟುವುದು, ತಲೆ ಹಗುರಾಗುವುದು ಇವೆಲ್ಲ ಆತಂಕದಲ್ಲಿ ಜೋರಾಗಿ ಉಸಿರಾಡಿ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿದಾಗ ಆಗುವಂಥವು. ಇನ್ನೂ ಆಳವಾಗಿ ಉಸಿರೆಳೆಯಲು ಹೋದರೆ ಹೆಚ್ಚಾಗುತ್ತದೆ. ಒಳಕ್ಕೆ 4 ಎಣಿಕೆ, ಹೊರಕ್ಕೆ 6 ಎಣಿಕೆ, ಮೂಗಿನಲ್ಲೇ, ಮೆಲ್ಲಗೆ, 5 ನಿಮಿಷ. ಮಧ್ಯಾಹ್ನದ ನಂತರ ಫಿಲ್ಟರ್ ಕಾಫಿ ಬಿಡಿ. ಕುಡಿದ ಕೆಫೀನಿನಲ್ಲಿ ಅರ್ಧ ಇಳಿಯಲು ಸುಮಾರು 5 ಗಂಟೆ ಬೇಕು. ನಡುರಾತ್ರಿ ಮೂರಕ್ಕೆ ಎಚ್ಚರವಾಗಿ ಇಪ್ಪತ್ತು ನಿಮಿಷ ನಿದ್ದೆ ಬರದಿದ್ದರೆ ಹಾಸಿಗೆಯಿಂದ ಎದ್ದು ಮಂದ ಬೆಳಕಿನಲ್ಲಿ ಕೂತು, ತೂಕಡಿಕೆ ಬಂದ ಮೇಲೆ ಮಲಗಿ. ಪಕ್ಕದ ಮನೆಯವರ ನಿದ್ದೆ ಮಾತ್ರೆ ಖಂಡಿತ ಬೇಡ. ಬಿಪಿ, ಶುಗರ್ ಮಾತ್ರೆ ತಪ್ಪಿಸಬೇಡಿ.

ನೆಂಟರಿಷ್ಟರ ವಿಷಯ. ‘ರಿಪೋರ್ಟ್ ಬಂತಾ?’ ಎಂಬ ಹತ್ತು ಫೋನುಗಳು ಪ್ರೀತಿಯಿಂದಲೇ ಬರುತ್ತವೆ, ಹತ್ತು ಸಲವೂ ಹೊಟ್ಟೆ ಹಿಂಡುತ್ತವೆ. ಮನೆಯಲ್ಲಿ ಒಬ್ಬರನ್ನು ಅದಕ್ಕೆ ನೇಮಿಸಿ. ಅವರು ಒಂದೇ ಮಾತು ಹೇಳಲಿ: ‘ಬಂದ ದಿನ ನಾನೇ ಫೋನ್ ಮಾಡ್ತೀನಿ ಅತ್ತೆ, ಅಲ್ಲೀವರೆಗೆ ಅವಳ ಹತ್ರ ಬೇರೆ ಏನಾದ್ರೂ ಮಾತಾಡಿ.’ ಹತ್ತಿರದವರು ನೂರು ಸಲ ‘ಏನೂ ಇಲ್ಲ’ ಎನ್ನುವ ಬದಲು ‘ಗೊತ್ತಿಲ್ಲ, ಆದರೆ ಆ ದಿನ ನಾನು ಜೊತೆಗೆ ಬರ್ತೀನಿ’ ಎಂದರೆ ಹೆಚ್ಚು ಬಲ ಬರುತ್ತದೆ, ಏಕೆಂದರೆ ಅದು ನಿಜ. ಹರಕೆ ಹೊರುವುದು, ದೇವರ ಮುಂದೆ ಕೂರುವುದು ಮನಸ್ಸಿಗೆ ನೆಲೆ ಕೊಡುತ್ತದೆ, ಮಾಡಿ. ಆದರೆ ಹೂಪ್ರಸಾದ ಬಲಕ್ಕೆ ಬೀಳುವ ತನಕ ಗುಡಿಯಿಂದ ಗುಡಿಗೆ, ಜ್ಯೋತಿಷಿಯಿಂದ ಜ್ಯೋತಿಷಿಗೆ ಹೋಗುವುದು ಗಂಟು ಮುಟ್ಟಿ ನೋಡುವ ಸುತ್ತಿನದೇ ಇನ್ನೊಂದು ರೂಪ.

ಎಲ್ಲವನ್ನೂ ಆತಂಕದ ತಲೆಗೆ ಕಟ್ಟಲೂಬಾರದು. ಸೂಜಿ ಹಾಕಿದ ಕಡೆ ಊತ ಗಂಟೆಗಂಟೆಗೆ ಬೆಳೆಯುತ್ತಿದ್ದರೆ, ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಜ್ವರ ಬಂದು ಕೆಂಪು ಹರಡುತ್ತಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ. ಕುತ್ತಿಗೆಗೆ ಸೂಜಿ ಹಾಕಿದ ಮೇಲೆ ಊತದ ಜೊತೆ ಉಸಿರು ಕಟ್ಟಿದಂತಾದರೆ, ಅಥವಾ ಎದೆನೋವು ಬೆವರಿನೊಂದಿಗೆ ಬಂದು ಕೈಗೋ ದವಡೆಗೋ ಹರಿದರೆ 108ಕ್ಕೆ ಕರೆ ಮಾಡಿ. ಉಸಿರಾಟದ ಅಭ್ಯಾಸ ಮಾಡುತ್ತಾ ಕೂರುವ ಹೊತ್ತಲ್ಲ ಅದು.

ರಿಪೋರ್ಟ್ ಸರಿಯಾಗಿದೆ ಎಂದು ಬಂದ ಮೇಲೂ ಕೆಲವರಿಗೆ ಎರಡೇ ದಿನ ನೆಮ್ಮದಿ. ಮೂರನೆಯ ದಿನ ‘ಸ್ಯಾಂಪಲ್ ಅದಲುಬದಲಾಗಿರಬಹುದು’ ಎಂದೋ, ಗಂಟಲಲ್ಲಿ ಬೇರೇನೋ ಇದೆ ಎಂದೋ ಶುರು. ಹೀಗೆ 6 ತಿಂಗಳು ಎಳೆದರೆ ಅದಕ್ಕೇ ಹೆಸರೂ ಚಿಕಿತ್ಸೆಯೂ ಇದೆ. ಮಾತಿನ ಚಿಕಿತ್ಸೆ, ಬೇಕಾದರೆ ಔಷಧಿ, ಎರಡೂ ಕೆಲಸ ಮಾಡುತ್ತವೆ. ಆರು ತಿಂಗಳು ಕಾಯಲೇಬೇಕೆಂದೂ ಇಲ್ಲ. 14416 ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬದುಕುವುದೇ ಬೇಡ ಅನ್ನಿಸಿದರೆ ಇವತ್ತೇ ಮಾಡಿ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ.

ರಿಪೋರ್ಟ್ ಬಂದ ದಿನ ಒಬ್ಬರೇ ಹೋಗಬೇಡಿ. ಜೊತೆಗೆ ಬಂದವರು ಬರೆದುಕೊಳ್ಳಲಿ, ಭಯದಲ್ಲಿ ಕೇಳಿದ್ದು ಕಿವಿಯಲ್ಲಿ ನಿಲ್ಲುವುದಿಲ್ಲ. ಅಮ್ಮನಿಗೋ ಅಪ್ಪನಿಗೋ ಗೊತ್ತಾಗಬಾರದು ಎಂದು ಮಕ್ಕಳು ಹೊರಗೇ ಡಾಕ್ಟರ ಕೈ ಹಿಡಿಯುವುದು ನಮ್ಮಲ್ಲಿ ಹೆಚ್ಚು. ಅವರಿಗೆಷ್ಟು ತಿಳಿಯಬೇಕೆಂದು ಅವರನ್ನೇ ಮೊದಲು ಕೇಳಿ. ಕ್ಯಾನ್ಸರ್ ಎಂದೇ ಬಂದಿದ್ದರೂ ಆ ಒಂದು ಹಾಳೆ ಸ್ಟೇಜ್ ಪೂರ್ತಿ ಹೇಳುವುದಿಲ್ಲ, ಆಯಸ್ಸನ್ನಂತೂ ಹೇಳುವುದೇ ಇಲ್ಲ. ಮುಂದಿನ ಪರೀಕ್ಷೆ ಯಾವುದು, ಯಾವಾಗ, ಯಾವ ಡಾಕ್ಟರ್, ಇವು ಆ ದಿನದ ಪ್ರಶ್ನೆಗಳು. ಎರಡನೆಯ ಅಭಿಪ್ರಾಯ ಬೇಕೆನಿಸಿದರೆ ಬರೀ ಕಾಗದ ಹಿಡಿದು ಹೋಗಬೇಡಿ. ಲ್ಯಾಬಿಗೆ ಅರ್ಜಿ ಕೊಟ್ಟು ಸ್ಲೈಡುಗಳನ್ನೂ ಆ ಮೇಣದ ಬ್ಲಾಕನ್ನೂ ಕೇಳಿ ಪಡೆಯಿರಿ. ಅವನ್ನು ಲ್ಯಾಬುಗಳು ವರ್ಷಗಟ್ಟಲೆ ಇಟ್ಟಿರುತ್ತವೆ. ಬ್ಲಾಕನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ, ಮೇಣ ಮೆತ್ತಗಾಗುತ್ತದೆ. ಸ್ಲೈಡುಗಳನ್ನು ಡಬ್ಬಿಯಲ್ಲಿ ಹತ್ತಿ ಇಟ್ಟು ಒಯ್ಯಿರಿ, ಮರಳಿ ಕೊಡಬೇಕಾದ ದಿನಾಂಕವನ್ನು ಡಬ್ಬಿಯ ಮೇಲೇ ಬರೆದಿಡಿ.